ಮೂವತ್ತೊಂದು ಮತಗಳ ಲಕೋಟೆ

ಹೇಳಿಯೇ ಬಿಡುವುದೋ, ಇಷ್ಟು ವರ್ಷ ನುಂಗಿಕೊಂಡದ್ದನ್ನು ಇವತ್ತೂ ನುಂಗಿಕೊಳ್ಳುವುದೋ? ಹೇಳಿದರೆ ಸತ್ತವರ ಹೆಸರಿಗೆ ಅಂಟಿದ ಕೊಳೆ ಹೋಗುತ್ತದೆ. ಹೇಳದಿದ್ದರೆ ಅದು ಅವರ ಜೊತೆಗೇ ಮಣ್ಣಿಗೆ ಹೋಗುತ್ತದೆ. ಅದೂ ಹೋದಂತೆಯೇ ಅಲ್ಲವೇ? ಯೋಗೀಶ ಹೀಗೆ ತೂಗುತ್ತಿರುವಾಗಲೇ ಯಾರೋ ಭುಜ ಮುಟ್ಟಿ ಅವನನ್ನು ಮುಂದೆ ಸರಿಸಿದರು. ಶವಪೆಟ್ಟಿಗೆಯ ತಣ್ಣನೆಯ ಹಿಡಿಕೆ ಅಂಗೈಗೆ ಬಂತು.

"ಲೆಫ್ಟ್ ಸೈಡ್, ಅಂಕಲ್," ಎಂದ ಅಭಿನವ, ತೀರಿಕೊಂಡ ಪಂಚಾಕ್ಷರಯ್ಯನವರ ಮಗ. "ಆಮೇಲೆ ಯು ಸ್ಪೀಕ್. ಫೈವ್ ಮಿನಿಟ್ಸ್, ಓಕೆ? ಹನ್ನೆರಡಕ್ಕೆ ನೆಕ್ಸ್ಟ್ ಫ್ಯಾಮಿಲಿ ಬರ್ತಾರೆ."

ಸಿಡ್ನಿಯ ಮ್ಯಾಕ್ವೆರಿ ಪಾರ್ಕಿನ ಸ್ಮಶಾನದಲ್ಲಿ ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ. ನೀಲಗಿರಿ ಮರಗಳ ಬುಡ ಕಾಣದೆ ತಲೆಗಳು ಮಾತ್ರ ತೇಲುತ್ತಿದ್ದವು. ಅವುಗಳಾಚೆ ಆಫೀಸು ಕಟ್ಟಡಗಳ ಗಾಜು ಮಸುಕಾಗಿ ಹೊಳೆಯುತ್ತಿತ್ತು. ಆ ಗಾಜಿನ ಹಿಂದೆಯೇ ಅಯ್ಯನವರು ಇಪ್ಪತ್ತೆರಡು ವರ್ಷ ಔಷಧ ಕಂಪನಿಯೊಂದರಲ್ಲಿ ಮಾತ್ರೆಗಳ ಗುಣಮಟ್ಟ ನೋಡುವ ಕೆಲಸ ಮಾಡಿದ್ದರು. ಬೆಳಗಿನ ಮೊದಲ ವಿಮಾನ ಹಿಡಿದು ಮೆಲ್ಬರ್ನ್‌ನಿಂದ ಬಂದಿದ್ದ ಯೋಗೀಶ, ಪೆಟ್ಟಿಗೆಯ ಎಡಬದಿ ಹಿಡಿದು ಉಳಿದವರ ಹೆಜ್ಜೆಗೆ ಹೆಜ್ಜೆ ಸೇರಿಸಿದ.

ಅಯ್ಯನವರ ಕಡೆಯಲ್ಲಿ ಕೂರಿಸಿ ಮಣ್ಣು ಮಾಡುವುದು ಪದ್ಧತಿ. ಇಲ್ಲಿ ಪೆಟ್ಟಿಗೆಯಲ್ಲಿ ಮಲಗಿಸಿಯೇ ಆಗಬೇಕೆಂದು ಫ್ಯೂನರಲ್‌ನವರು ಹೇಳಿದ್ದರು. ಅದನ್ನು ಅವರು ಬದುಕಿದ್ದಾಗಲೇ ವಿಚಾರಿಸಿಕೊಂಡಿದ್ದರಂತೆ. ಇಲ್ಲಿ ರೂಲು ಹಾಗಿದ್ದರೆ ಮಲಗಿಯೇ ಹೋಗುತ್ತೇನೆ ಎಂದು ಹೆಂಡತಿ ಚನ್ನಕ್ಕನಿಗೆ ಹೇಳಿಟ್ಟಿದ್ದರಂತೆ.

*

ಸಿಡ್ನಿಯ ಮೊದಲ ವರ್ಷಗಳಲ್ಲಿ, ಹ್ಯಾರಿಸ್ ಪಾರ್ಕಿನ ಬಾಡಿಗೆ ಮನೆಯಲ್ಲಿ ಒಂದು ಕೋಣೆ ಧಾರವಾಡದ ಈ ಗಂಡಹೆಂಡಿರದು, ಇನ್ನೊಂದು ಮೈಸೂರಿನಿಂದ ಆಗಷ್ಟೇ ಬಂದಿದ್ದ ಯೋಗೀಶನದು. ಚನ್ನಕ್ಕ ರೊಟ್ಟಿ ಬಡಿಯುವ ಸದ್ದಿಗೆ ಕೆಳಗಿನ ಮನೆಯವರು ದೂರಿದಾಗ ಅಯ್ಯನವರು ಬಾಡಿಗೆ ಕರಾರನ್ನು ಎರಡು ಸಲ ಓದಿದರು. ರಾತ್ರಿ ಎಂಟರ ಮೇಲೆ ಸದ್ದು ಕೂಡದೆಂದು ಬರೆದಿತ್ತು. ಅವತ್ತಿನಿಂದ ಆ ಮನೆಯ ರೊಟ್ಟಿ ಏಳೂವರೆಗೇ ಮುಗಿಯತೊಡಗಿತು. ರಸ್ತೆಯಲ್ಲಿ ಒಂದು ಕಾರೂ ಇಲ್ಲದಿದ್ದರೂ ಕೆಂಪು ದೀಪಕ್ಕೆ ನಿಲ್ಲುವ ಮನುಷ್ಯ ಅವರು. ಯೋಗೀಶ ದಾಟಿ ಹೋಗಿ ತಿರುಗಿ ನೋಡಿದರೆ, ಆಚೆ ದಡದಲ್ಲಿ ತರಕಾರಿ ಚೀಲ ಹಿಡಿದು, ಯಾವ ಅವಸರವೂ ಇಲ್ಲದೆ ಕಾಯುತ್ತಿರುತ್ತಿದ್ದರು.

ಮುಂದೆ ಯೋಗೀಶನಿಗೆ ಮೆಲ್ಬರ್ನ್‌ನಲ್ಲಿ ಕೆಲಸವಾಯಿತು. ಇಬ್ಬರೂ ಸೇರಿ ಎರಡೂ ಊರಿಗೆ ಒಂದೇ ಕನ್ನಡ ಸಂಘ ಕಟ್ಟಿದರು. ೨೦೧೯ರಲ್ಲಿ, ಸಿಡ್ನಿಯವರು ಬೇರೆಯಾಗಬೇಕೆಂದು ಹುಬ್ಬಳ್ಳಿಯ ಶಾಂತವೀರಪ್ಪ ಮಾತೆತ್ತಿದರು. ಬ್ರಿಟನ್ ಯುರೋಪಿನ ಒಕ್ಕೂಟ ಬಿಡುವ ಜಗಳ ಎಲ್ಲರ ಬಾಯಲ್ಲಿದ್ದ ವರ್ಷ. ಇದಕ್ಕೂ ಬ್ರೆಕ್ಸಿಟ್ ಎಂದೇ ಹೆಸರು ಬಿತ್ತು. ಅಧ್ಯಕ್ಷರಾಗಿದ್ದ ಅಯ್ಯನವರಿಗೆ ಸಂಘ ಒಡೆಯುವುದು ಬೇಡವಾಗಿತ್ತು. ವಿಷಯ ಸದಸ್ಯರ ಮತಕ್ಕೆ ಹೋಯಿತು; ಮೆಲ್ಬರ್ನ್‌ನವರ ಮತಗಳನ್ನು ಕೂಡಿಸಿ ಸಿಡ್ನಿಗೆ ಅಂಚೆಯಲ್ಲಿ ಕಳಿಸುವ ಕೆಲಸ ಯೋಗೀಶನಿಗೆ ಬಂತು.

ಬೆಳಗಿನ ಚಹಾದ ಜೊತೆ ಬ್ರಿಟಿಷ್ ಪಾರ್ಲಿಮೆಂಟಿನ ಚರ್ಚೆ ನೋಡುವುದು ಆಗ ಅವರಿಗೆ ಚಟವಾಗಿಬಿಟ್ಟಿತ್ತು. ಅಲ್ಲಿಯ ಒಬ್ಬ ಮುದಿ ಸದಸ್ಯ ಅವರ ಮನಸ್ಸಿಗೆ ಹಿಡಿಸಿದ್ದ. ಬಿಟ್ಟುಹೋಗುವುದು ತಪ್ಪೆಂದು ಮತ ಹಾಕಿದವನು, ಜನ ಬೇರೆ ಹೇಳಿದ ಮೇಲೆ ತಲೆಬಾಗಿದವನು. ಆದರೆ ತನ್ನದೇ ಪಕ್ಷ ಕಾನೂನನ್ನು ಪಕ್ಕಕ್ಕಿಡಲು ಹೊರಟಾಗ ಎದ್ದು ನಿಂತು ಆಗದು ಎಂದವನು. ಪಕ್ಷ ಅವನನ್ನು ಹೊರಗೆ ಹಾಕಿತು.

"ನೋಡೋ ಯೋಗೀಶ," ಎಂದಿದ್ದರು ಫೋನಿನಲ್ಲಿ. "ಗೆದ್ದಾವ್ಗ ಒಂದು ರೂಲು, ಸೋತಾವ್ಗ ಒಂದು ರೂಲು ಆದ್ರ ಅದು ರೂಲಲ್ಲ. ನಮಗ ಬ್ಯಾಡಾದಾಗೂ ಹಿಡ್ಕೊಂಡಿದ್ರ ಅದು ತತ್ವ."

"ಅಯ್ಯೋರೆ, ಅವರ ಬ್ರೆಕ್ಸಿಟ್ ಅವರಿಗಿರ್ಲಿ ಬಿಡಿ. ನಮ್ಮ ಕಡೆ ಮೂವತ್ತೊಂದು ಓಟು ಬಂದಿದೆ. ಸೋಮವಾರ ಪೋಸ್ಟ್ ಮಾಡ್ತೀನಿ," ಎಂದು ಯೋಗೀಶ ನಕ್ಕಿದ್ದ.

ಮಾಡಲಿಲ್ಲ. ಲಕೋಟೆ ಕಾರಿನ ಹಿಂದಿನ ಸೀಟಿನಲ್ಲಿ ಮಗಳು ಅನಘಾಳ ನೆಟ್‌ಬಾಲ್ ಚೀಲದ ಕೆಳಗೆ ಸೇರಿ ಮರೆತೇಹೋಯಿತು. ಕಣ್ಣಿಗೆ ಬಿದ್ದದ್ದು ಗುರುವಾರ ಮಧ್ಯಾಹ್ನ. ಓಡಿಹೋಗಿ ಪೋಸ್ಟ್ ಮಾಡಿದ. ಮತಗಳು ಶುಕ್ರವಾರ ಸಂಜೆ ಐದರೊಳಗೆ ಮುಟ್ಟಬೇಕಿತ್ತು. ಮುಟ್ಟಿದ್ದು ಸೋಮವಾರ. ಅಷ್ಟರಲ್ಲಿ ಎಣಿಕೆ ಮುಗಿದು, ಒಂಬತ್ತು ಮತಗಳ ಅಂತರದಲ್ಲಿ ಸಂಘ ಎರಡಾಗಿತ್ತು.

*

ಗುಂಡಿಯ ಅಂಚಿನಲ್ಲಿ ಮೊದಲು ಮಾತಾಡಿದವರು ಶಾಂತವೀರಪ್ಪ.

"ಪೆಟ್ಟಿಗ್ಯಾಗ ವಿಭೂತಿ ಇಟ್ಟೀರಿ, ಛಲೋ ಆತು," ಎಂದರು. "ಸಂಘದ ಬೈಲಾ ಪುಸ್ತಕಾನೂ ಇಡಬೇಕಾಗಿತ್ತು."

ಮೆಲ್ಲಗೆ ನಗು ಹರಡಿತು. ಚನ್ನಕ್ಕನೂ ಸೆರಗಿನ ಹಿಂದೆ ನಕ್ಕಳು.

"ಅವತ್ತ ಆ ಲಕೋಟೆ ಒಡದಿದ್ರ ನಾ ಸೋಲ್ತಿದ್ದೆ. ಖಾಸ ದೋಸ್ತ ಕಳಿಸಿದ ಓಟು ಮೂಲ್ಯಾಗ ಒಗದು ನನ್ನ ಗೆಲ್ಲಿಸಿದ ಮನಶ್ಯಾರು. ದೊಡ್ಡವ್ರು, ಖರೆ. ಆದ್ರ ಅಷ್ಟು ಹಟ ಇರಬಾರದ್ರೀ."

ಕೆಲವರು ತಲೆಯಾಡಿಸಿದರು. ಇದೇ ಆ ಕೊಳೆ. ಅಂಚೆ ತಡವಾದದ್ದಕ್ಕೆ ಮೂವತ್ತೊಂದು ಜನರ ಬಾಯಿ ಮುಚ್ಚಿಸಿದ ಹಟಮಾರಿ ಎಂಬ ಮಾತು ಅವರನ್ನು ಆಸ್ಪತ್ರೆಯ ತನಕ ಹಿಂಬಾಲಿಸಿತ್ತು.

ಯೋಗೀಶ ಮುಂದೆ ಬಂದ. ಕೆಂಪು ದೀಪದ ಕತೆ ಹೇಳಿದ, ಏಳೂವರೆಯ ರೊಟ್ಟಿಯ ಕತೆ ಹೇಳಿದ. ತನ್ನ ದನಿ ದೂರದ ರೇಡಿಯೋದಂತೆ ತನಗೇ ಕೇಳುತ್ತಿತ್ತು. "ಆ ಲಕೋಟೆ ವಿಷಯ..." ಎಂದು ನಿಲ್ಲಿಸಿದ. ಎಲ್ಲರೂ ಅವನ ಮುಖ ನೋಡಿದರು. ಇಳಿಜಾರಿನ ಕೆಳಗೆ, ಮಂಜಿನಿಂದ ಇನ್ನೊಂದು ಕಪ್ಪು ಕಾರು ಸದ್ದಿಲ್ಲದೆ ಹೊರಬರುತ್ತಿತ್ತು. ಅಭಿನವ ಗಡಿಯಾರ ನೋಡಿಕೊಂಡ.

"ಅವರು ನಿಯಮ ಬಿಡ್ಲಿಲ್ಲ, ಅಷ್ಟೇ," ಎಂದು ಯೋಗೀಶ ಹಿಂದೆ ಸರಿದ. ಒಂದು ಹಿಡಿ ಮಣ್ಣು ಹಾಕಿದ. ಅದು ಮರದ ಮೇಲೆ ಬಿದ್ದ ಸದ್ದು ಕಾಗದದ ಕಟ್ಟು ಬಿದ್ದಂತಿತ್ತು.

*

ಫಲಿತಾಂಶದ ನಂತರ ಸೇರಿದ ಸಭೆಗೂ ಅವನು ವಿಮಾನದಲ್ಲೇ ಬಂದಿದ್ದ. ಶಾಲೆಯೊಂದರ ಹಾಲ್. ಮಕ್ಕಳ ಎತ್ತರಕ್ಕೆ ಮಾಡಿದ ಮೇಜು, ಅದರ ಮೇಲೆ ಲಕೋಟೆ. ಅಯ್ಯನವರು ಅದನ್ನು ವಿಳಾಸದ ಮುಖ ಕೆಳಗೆ ಮಾಡಿ ಇಟ್ಟಿದ್ದರು, ಮೇಲೆ ಅಂಗೈ ಊರಿದ್ದರು.

ಯಾವಾಗ ಕಳಿಸಿದ್ದು ಎಂದು ಯಾರೋ ಕೇಳಿದರು. ತನ್ನ ಜೊತೆ ಮತ ಹಾಕಿದ್ದ ಮೆಲ್ಬರ್ನ್‌ನ ಉಳಿದ ಮೂವತ್ತು ಮುಖಗಳು ಯೋಗೀಶನ ಕಣ್ಣ ಮುಂದೆ ಹಾದುಹೋದವು.

"ಸೋಮವಾರಾನೇ ಪೋಸ್ಟ್ ಮಾಡಿದ್ದೆ," ಎಂದ. "ಪೋಸ್ಟ್ ಲೇಟಾದ್ರೆ ಅದು ನಮ್ಮ ತಪ್ಪಾ, ಅಯ್ಯೋರೆ? ಜನರಿಗಿಂತ ನಿಮ್ಮ ಪುಸ್ತಕ ದೊಡ್ಡದಾ?"

ಅಯ್ಯನವರು ಅವನತ್ತ ನೋಡಿದರು. ಅಂಗೈ ಎತ್ತಲಿಲ್ಲ.

"ಶುಕ್ರವಾರ ಐದಕ್ಕ ಬಂದಿರಲಿಲ್ಲ," ಎಂದರು. ಅಷ್ಟೇ.

*

ಮಣ್ಣು ಮುಗಿಸಿ ಬಂದ ಮೇಲೆ, ಕೆಲ್ಲಿವಿಲ್ಲಿನ ಅಯ್ಯನವರ ಮನೆಯಲ್ಲಿ, ಸ್ನಾನ ಮುಗಿಸಿದ ಚನ್ನಕ್ಕ ಅವನನ್ನು ಒಳಗಿನ ಕೋಣೆಗೆ ಕರೆದಳು. ಕಪಾಟಿನಿಂದ ಕಂದು ಲಕೋಟೆ ತೆಗೆದುಕೊಟ್ಟಳು. ಅಂಟು ಬಿಚ್ಚಿರಲಿಲ್ಲ.

"ಇದು ನಿಂದು ತಮ್ಮಾ. ಅಕ್ಷರ ನಿಂದ ಅಲ್ಲೇನು?"

ಅಕ್ಷರ ಅವನದೇ. ಅಂಚೆಚೀಟಿಯ ಮೇಲೆ ದುಂಡನೆಯ ಮುದ್ರೆ ಎರಡು ಬೆರಳಗಲ ನಿಚ್ಚಳವಾಗಿತ್ತು. ಊರಿನ ಹೆಸರು, ಅದರ ಕೆಳಗೆ ಆ ಗುರುವಾರದ ದಿನಾಂಕ. ಯೋಗೀಶನ ಹೆಬ್ಬೆರಳು ತಾನಾಗಿಯೇ ಸರಿದು ಅದರ ಮೇಲೆ ಕೂತಿತು.

"ಜನ ಹಿಂಗೆಲ್ಲಾ ಅಂತಾರ, ಒಮ್ಮೆ ಇದನ್ನ ತೋರಿಸಬಾರದೇನು ಅಂತ ನಾ ಕೇಳಿದ್ದೆ," ಎಂದಳು ಚನ್ನಕ್ಕ. "ಅದಕ್ಕ ಅವ್ರು, ರೂಲಿಗೆ ಬೇಕಾದ್ದು ಯಾವತ್ತ ಮುಟ್ಟಿತು ಅನ್ನೂದು. ಯಾವತ್ತ ಕಳಿಸಿದ ಅನ್ನೂದು ಯೋಗೀಶನ ಮಾತು, ಅವನ ಹೇಳಲಿ ಅಂದ್ರು. ಕಾಯ್ತಿದ್ರು ಅನಸ್ತದ."

ಅವಳು ಬೈಯಲಿಲ್ಲ, ಅಳಲೂ ಇಲ್ಲ. ಮಡಚಿದ ಶಾಲನ್ನು ಮತ್ತೆ ಬಿಚ್ಚಿ ಮಡಚುತ್ತ ನಿಂತಳು. ಹೊರಗೆ ಹಾಲಿನಲ್ಲಿ ಶಾಂತವೀರಪ್ಪನವರ ದನಿ ಕೇಳುತ್ತಿತ್ತು. ಹತ್ತು ಹೆಜ್ಜೆ ಅಷ್ಟೇ.

ಸಾವಿನ ಮನೆಯಿಂದ ಬರುತ್ತೇನೆಂದು ಹೇಳಿ ಹೊರಡುವಂತಿಲ್ಲ, ಸುಮ್ಮನೆ ಎದ್ದು ಹೋಗಬೇಕು. ಯೋಗೀಶ ಆ ಪದ್ಧತಿಯ ಮರೆಯಲ್ಲಿ ಎದ್ದ. ಹಾಲಿನಲ್ಲಿ ಕೂತವರನ್ನು ದಾಟಿದ, ಚಪ್ಪಲಿಗಳ ನಡುವೆ ತನ್ನ ಶೂ ಹುಡುಕಿಕೊಂಡ.

ಮೆಟ್ರೋ ಸ್ಟೇಷನ್ನಿನ ಎದುರು ರಸ್ತೆ ಖಾಲಿಯಾಗಿತ್ತು. ಎರಡೂ ಕಡೆ ಕಣ್ಣು ಹಾಯುವಷ್ಟು ದೂರ ಒಂದು ಕಾರಿಲ್ಲ. ಕೆಂಪು ದೀಪ ಉರಿಯುತ್ತಿತ್ತು. ಯೋಗೀಶ ಲಕೋಟೆಯನ್ನು ಎದೆಗೊತ್ತಿ ನಿಂತ. ದೀಪ ಹಸಿರಾಯಿತು, ಕಂಬ ಟಿಕ್ ಟಿಕ್ ಎಂದು ಕರೆಯಿತು, ಸುಮ್ಮನಾಯಿತು. ಮತ್ತೆ ಕೆಂಪಾಯಿತು. ಅವನು ನಿಂತೇ ಇದ್ದ.

ತಡ ಮಾಡಿದ್ದು ನಾನು ಎಂದು ಯೋಗೀಶ ಯಾರಿಗೂ ಹೇಳಲಿಲ್ಲ.