ಅಂಗೈಯಿಂದ ಸವರಿ ಅಂಟಿಸಿದ ಹಿಡಿ

ಬಿಲ್ಲು ಯಾರು ಬೇಕಾದರೂ ಮಾಡಲಿ, ಅದಕ್ಕೆ ಹಿಡಿ ಕೂರಿಸೋದು ಮಾತ್ರ ನಮ್ಮನೆಯವರೇ ಆಗಬೇಕು ಅಂತ ಬಿಲ್ಲುಗಾರನ ಹೆಂಡತಿ ಬೀದಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದಳು. ಜಂಬ ಅಂದರೆ ಜಂಬವೇ, ಅದರಲ್ಲಿ ಮುಚ್ಚುಮರೆ ಏನು? ಮರದ ತುಂಡನ್ನು ಅವನು ಅರದಿಂದ ಉಜ್ಜಿ ಉಜ್ಜಿ, ಎರಡೂ ತುದಿ ತೆಳ್ಳಗೆ ಇಳಿಸಿ, ಬಿಲ್ಲಿನ ನಡುವಿಗೆ ಅಂಟಿಸಿದನೆಂದರೆ ಸಂದು ಎಲ್ಲಿದೆ ಅಂತ ಉಗುರಿಗೂ ಗೊತ್ತಾಗುತ್ತಿರಲಿಲ್ಲ.

ಅಂಥವನ ಹಿಡಿಗಳು ಈಚೆಗೆ ಕಿತ್ತು ಬರತೊಡಗಿದವು. ಅಂಟಿಸಿದವರೇ ಮೊದಲು ಬಿಲ್ಲೆಳೆದು ನೋಡಬೇಕು ಅನ್ನೋದು ಆ ಮನೆಯ ಪದ್ಧತಿ. ಮೊನ್ನೆ ಅರ್ಧ ಎಳೆಯುವಷ್ಟರಲ್ಲೇ ಹಿಡಿ ಟಪ್ಪಂತ ಎದ್ದು ಅವನ ಬೆರಳು ಜಜ್ಜಿತು.

"ಕೈ ಹೋಯ್ತು ಕಣೇ. ಇನ್ನೊಂದು ಎದ್ದರೆ ಅಂಗಡಿಗೆ ಬೀಗ ಹಾಕ್ತೀನಿ."

"ಗೋಂದು ಹಳೇದಿರಬೇಕು ಬಿಡ್ರಿ."

"ಗೋಂದು ಹೊಸದು. ಹಳೇದಾಗಿರೋದು ನಾನು."

ಅವಳು ಕಿತ್ತ ಹಿಡಿ ಎತ್ತಿ ನೋಡಿದಳು. ಉಜ್ಜಿದ್ದರಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ. ಮೂಗಿಗೆ ಹಿಡಿದಳು. ಅಯ್ಯೋ ಮಾರಾಯಾ, ಮಂಡಿನೋವಿನ ಮುಲಾಮಿನ ವಾಸನೆ! ಅವನು ಈಚೆಗೆ ದಿನಾ ಬೆಳಿಗ್ಗೆ ತಿಕ್ಕಿಕೊಳ್ಳುವ ಮುಲಾಮು. ಗೋಂದು ಹಚ್ಚುವ ಮುಂಚೆ ಮರವನ್ನು ಅಂಗೈಯಿಂದ ಸವರಿ ಮೀಸೆಯಲ್ಲೇ ನಗುವುದು ಅವನ ಹಳೇ ಚಟ. ಜಿಡ್ಡಿನ ಮೇಲೆ ಗೋಂದು ಕಚ್ಚಿಕೊಳ್ಳುತ್ತದೆಯೇ?

ಹೇಳೋಣವೆಂದರೆ ಮೂಗಿನ ತುದಿಯಲ್ಲೇ ಕೋಪ ಇರುವ ಮನುಷ್ಯ. ಮರುದಿನ ಬೆಳಿಗ್ಗೆ ಅವಳೇ ಮುಲಾಮಿನ ಡಬ್ಬಿ ಹಿಡಿದು ಕೂತಳು.

"ಕಾಲು ಚಾಚಿ."

"ಇದೇನೇ, ಈ ವಯಸ್ಸಲ್ಲಿ ಹೊಸ ಪ್ರೀತಿ?"

"ನೀವು ತಿಕ್ಕೋ ಚೆಂದಕ್ಕೆ ಹಾಸಿಗೆಯೆಲ್ಲ ಜಿಡ್ಡು. ಸುಮ್ನೆ ಚಾಚಿ."

ಅವತ್ತೇ ಅವನು ಬಿಲ್ಲಿನ ಹಳೇ ಗೋಂದು ಕೆರೆದು, ಹೊಸ ಹಿಡಿಯನ್ನು ಸವರಿ, ಅಂಟಿಸಿ, ಬಿಗಿಯಾಗಿ ಕಟ್ಟಿಟ್ಟ. ಒಣಗುವ ತನಕ ದಿನಾ ಬೆಳಿಗ್ಗೆ ಅವಳೇ ಮುಲಾಮು ತಿಕ್ಕಿದಳು. ಇಬ್ಬರಿಗೂ ಊಟ ರುಚಿಸಲಿಲ್ಲ.

ಕಟ್ಟು ಬಿಚ್ಚಿ ಅವನು ಬಿಲ್ಲೆತ್ತಿದಾಗ ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಹೆದೆ ಗಲ್ಲದವರೆಗೆ ಬಂತು. ಸದ್ದಿಲ್ಲ. ಮತ್ತೆ ಎಳೆದ. ಹಿಡಿ ಜಪ್ಪಯ್ಯ ಅನ್ನಲಿಲ್ಲ.

"ನೋಡಿದ್ಯಾ, ಕೈ ಎಲ್ಲೂ ಹೋಗಿಲ್ಲ."

"ನನ್ನ ಗಂಡನ ಕೈ ಅದು, ಎಲ್ಲಿಗೆ ಹೋಗುತ್ತೆ?" ಹೆಮ್ಮೆಗೆ ಅವಳ ಕಣ್ಣು ತುಂಬಿತು.

"ಬಾ, ನೀನೂ ಸವರಿ ನೋಡು."

"ಬೇಡಪ್ಪ, ನನ್ನ ಕೈಯೆಲ್ಲ ಮುಲಾಮು."

ಅವನು ಅವಳ ಕೈ ನೋಡಿದ. ತನ್ನ ಅಂಗೈ ನೋಡಿಕೊಂಡ. ಮೂಲೆಯಲ್ಲಿ ಬಿದ್ದಿದ್ದ ಹಳೇ ಹಿಡಿ ಎತ್ತಿ ಮೂಸಿದ. ಈಗ ಬಂತು ನೋಡು ಕೋಪ ಅಂತ ಅವಳು ಕಾದಳು.

ಅವನು ಬಿಲ್ಲನ್ನು ಅವಳ ಮುಂದೆ ಚಾಚಿದ.

"ನಾನು ಮುಂಚೆ ಎಳೆದದ್ದು ತಪ್ಪಾಯ್ತು. ಅಂಟಿಸಿದವರು ತಾನೇ ಮೊದಲು ಎಳೀಬೇಕು? ತಗೋ."

ಅವಳು ಕೈಯನ್ನು ಒರೆಸಿ, ಮತ್ತೆ ಒರೆಸಿ, ಹಿಡಿ ಹಿಡಿದಳು.