ಮೂರನೇ ಮೇಜಿನ ಇಸ್ತ್ರಿಪೆಟ್ಟಿಗೆ

ಕಾದಂಬರಿಕಾರ್ತಿಯ ಹತ್ತು ಪುಸ್ತಕಗಳಲ್ಲಿ ಒಟ್ಟು ಮೂವತ್ತನಾಲ್ಕು ಜನ ಸತ್ತಿದ್ದರು. ಅವರಲ್ಲಿ ಒಂಬತ್ತು ಜನ ಇದೇ ಊರಿನಲ್ಲಿ ಆರೋಗ್ಯವಾಗಿ ಓಡಾಡಿಕೊಂಡಿದ್ದರು.

ಅವಳು ಮಾಡದ ಕೆಲಸವಿರಲಿಲ್ಲ, ಮತ್ತು ಪ್ರತಿ ಕೆಲಸದಿಂದಲೂ ಒಂದು ಹೆಣ ಹೊತ್ತು ತಂದಿದ್ದಳು. ಹಡಗಿನ ಅಡುಗೆಮನೆಯಲ್ಲಿ ಅವಳ ಕೈಮೇಲೆ ಬಿಸಿನೀರು ಚೆಲ್ಲಿ ನಕ್ಕವನು ಮೂರನೇ ಪುಸ್ತಕದ ಶೀತಲ ಕೋಣೆಯಲ್ಲಿ ಮರಗಟ್ಟಿದ. ಬೀಗದ ಅಂಗಡಿಯ ಯಜಮಾನ ತಾನೇ ಮಾಡಿದ ಬೀಗದ ಹಿಂದೆ ಉಸಿರುಗಟ್ಟಿದ. ಶವಾಗಾರದಲ್ಲಿ ದಾಖಲೆ ಬರೆಯುತ್ತಿದ್ದ ಎರಡು ವರ್ಷದಲ್ಲಿ ಮಾತ್ರ ಯಾರ ಮೇಲೂ ಅವಳಿಗೆ ಸಿಟ್ಟು ಬರಲಿಲ್ಲ. ಅಲ್ಲಿನವರು ಎದುರು ಮಾತಾಡುತ್ತಿರಲಿಲ್ಲ.

ಹಗೆ ಸಾಕುವುದು ಅವಳಿಗೆ ಎರಡೂ ಕಡೆಯಿಂದ ಬಂದ ಆಸ್ತಿ. ಅಪ್ಪನ ಅಮ್ಮ ಸಮುದ್ರದ ಆಚೆಯವಳು, ಅಮ್ಮನ ಅಮ್ಮ ಬೆಟ್ಟಗಳ ಆಚೆಯವಳು. ಬೀಗಿತ್ತಿಯರಿಬ್ಬರೂ ಒಬ್ಬರ ಭಾಷೆ ಒಬ್ಬರಿಗೆ ತಿಳಿಯದೆ ಒಂದೇ ಅಡುಗೆಮನೆಯಲ್ಲಿ ಇಪ್ಪತ್ತು ವರ್ಷ ಜಗಳವಾಡಿದ್ದರು. ಅಷ್ಟು ವರ್ಷದಲ್ಲಿ ಒಂದು ಬೈಗುಳವೂ ತಪ್ಪಾಗಿ ಅರ್ಥವಾಗಿರಲಿಲ್ಲ. ಮೊಮ್ಮಗಳಿಗೆ ಒಬ್ಬಳ ಮೂಗು, ಇನ್ನೊಬ್ಬಳ ಬಣ್ಣ, ಇಬ್ಬರ ನೆನಪಿನ ಶಕ್ತಿ ಬಂದಿತ್ತು.

ಆದರೆ ಎಲ್ಲಕ್ಕಿಂತ ಹಳೆಯ ಹಗೆಯನ್ನು ಅವಳು ಹತ್ತು ಪುಸ್ತಕದವರೆಗೂ ಮುಟ್ಟದೆ ಉಳಿಸಿಕೊಂಡಿದ್ದಳು.

ಅದು ದೊಡ್ಡ ಹೋಟೆಲೊಂದರ ನೆಲಮಾಳಿಗೆಯ ಇಸ್ತ್ರಿಮನೆ. ಸಾಲಾಗಿ ಎಂಟು ಮೇಜು, ಎಂಟು ಜನ. ಒಬ್ಬರ ಮೇಜಿಗೆ ಇನ್ನೊಬ್ಬರು ಕೈಹಾಕುವಂತಿರಲಿಲ್ಲ. ಹಳೆಯ ಇಸ್ತ್ರಿಪೆಟ್ಟಿಗೆಗಳಿಗೆ ಒಂದೊಂದಕ್ಕೆ ಒಂದೊಂದು ಊನ, ಅದನ್ನು ಬಲ್ಲ ಕೈಯೇ ಅದನ್ನು ಹಿಡಿಯಬೇಕು. ಅಮ್ಮನದು ಐದನೇ ಮೇಜು. ಆ ಎಂಟು ಜನರಲ್ಲೇ ಒಬ್ಬನಾದ ಇಸ್ತ್ರಿ ಮಾಸ್ತರ ಎಲ್ಲರ ಮೇಲ್ವಿಚಾರಕ. ಹದಿನೇಳರ ಮಗಳು ಮೂಲೆಯಲ್ಲಿ ಕೂತು ಬಟ್ಟೆ ವಿಂಗಡಿಸುತ್ತಿದ್ದಳು.

ಒಂದು ದಿನ ಯಾರದೋ ರೇಷ್ಮೆ ನಿಲುವಂಗಿ ಸುಟ್ಟಿತು. ಐದನೇ ಮೇಜಿನಲ್ಲೇ ಸುಟ್ಟಿದ್ದು, ಅಂಗೈಯಷ್ಟು ತೂತು ಬಿದ್ದಿದೆ, ಆಗಲೇ ಬಾಯ್ಲರಿನ ಬೆಂಕಿಗೆ ಹಾಕಿಸಿದೆ ಎಂದು ಮಾಸ್ತರ ಮ್ಯಾನೇಜರನಿಗೆ ವರದಿ ಕೊಟ್ಟ. ನಿಲುವಂಗಿಯನ್ನು ಬೇರೆ ಯಾರೂ ಕಣ್ಣಿಂದ ನೋಡಲಿಲ್ಲ. ತಾಯಿ ಮಗಳು ಇಬ್ಬರೂ ಅಂದೇ ಹೊರಗೆ. ಬಾಗಿಲಲ್ಲಿ ನಿಂತು ಮಾಸ್ತರ ಎಲ್ಲರಿಗೂ ಕೇಳುವಂತೆ ಒಂದು ಮಾತು ಹೇಳಿದ: "ಬೆರಕೆ ಬಟ್ಟೆ ನೋಡಿ ಇವರದು. ಎಷ್ಟು ಶಾಖ ಕೊಡಬೇಕು ಅಂತಲೇ ಗೊತ್ತಾಗಲ್ಲ."

ಉಳಿದ ಆರು ಜನರೂ ತಲೆ ತಗ್ಗಿಸಿ ಇಸ್ತ್ರಿ ಮಾಡುತ್ತಲೇ ಇದ್ದರು. ಅಮ್ಮನನ್ನು ತಿಂದಿದ್ದು ಅದು. ಮೂವತ್ತು ವರ್ಷವಾದರೂ ಊಟದ ನಡುವೆ ಕೈ ನಿಲ್ಲಿಸಿ, "ನಾನೇ ಪೆಟ್ಟಿಗೆನ ಬಟ್ಟೆ ಮೇಲೆ ಮರೆತು ಇಟ್ಟುಬಿಟ್ಟಿದ್ದೆನೋ ಏನೋ" ಅನ್ನುತ್ತಿದ್ದಳು.

ಹನ್ನೊಂದನೆಯ ಪುಸ್ತಕದಲ್ಲಿ ಇಸ್ತ್ರಿಮನೆಯ ಮಾಸ್ತರನೊಬ್ಬ ಆವಿಯ ಕೊಳವೆ ಸಿಡಿದು ಸತ್ತ. ಸಾಯುವ ಮೊದಲು, ಐದನೇ ಮೇಜಿನಲ್ಲಿ ರೇಷ್ಮೆ ಸುಟ್ಟು ತೂತಾಗುವ ದೃಶ್ಯ ನಾಲ್ಕು ಪುಟ ಇತ್ತು. ಮಾಸ್ತರನ ವರದಿಯಲ್ಲಿ ಇದ್ದದ್ದನ್ನೇ ಅವಳು ಅಕ್ಷರಶಃ ಬರೆದಿದ್ದಳು. ಬಿಡುಗಡೆಯನ್ನು ಗ್ರಂಥಾಲಯದ ಸಭಾಂಗಣದಲ್ಲಿ ಇಟ್ಟು, ಹಳೆಯ ಇಸ್ತ್ರಿಮನೆಯವರನ್ನೆಲ್ಲ ಹುಡುಕಿ ಮುಂದಿನ ಸಾಲಿನಲ್ಲಿ ಅಮ್ಮನ ಜೊತೆ ಕೂರಿಸಿದಳು. ಮಾಸ್ತರನಿಗೆ ಪುಸ್ತಕವನ್ನು ಹದಿನೈದು ದಿನ ಮೊದಲೇ ಕಳಿಸಿದ್ದಳು. ಅವನ ಬಗ್ಗೆ ಅವಳಿಗೆ ಖಚಿತವಾಗಿ ಗೊತ್ತಿದ್ದದ್ದು ಒಂದೇ: ಕಸುಬಿನ ತಪ್ಪು ಕಂಡರೆ ಅವನು ಬಾಯಿ ಮುಚ್ಚಿಕೊಂಡಿರಲಾರ. ಬೀದಿಯಲ್ಲಿ ಗುರುತಿಲ್ಲದವರನ್ನು ನಿಲ್ಲಿಸಿ ಕಾಲರು ಸರಿಯಿಲ್ಲ ಎಂದು ಹೇಳುವ ಆಸಾಮಿ.

ಮಧ್ಯಾಹ್ನ ಮೂರಕ್ಕೆ ಅವನು ಬಂದ. ಎಂಬತ್ತರ ಹತ್ತಿರದ ದೇಹ, ಅಂಗಿಯ ತೋಳಿನ ಗೆರೆ ಮಾತ್ರ ಕತ್ತಿಯಂತೆ. ಪುಸ್ತಕದೊಳಗಿಂದ ಕಾಗದದ ಚೂರುಗಳು ಇಣುಕುತ್ತಿದ್ದವು. ಗ್ರಂಥಪಾಲಕಿ "ಪ್ರಶ್ನೆಗಳಿದ್ದರೆ" ಅನ್ನುವಷ್ಟರಲ್ಲಿ ಎದ್ದು ನಿಂತ.

"ಪ್ರಶ್ನೆ ಅಲ್ಲಮ್ಮ, ತಿದ್ದುಪಡಿ. ಸಾಯಿಸಿದ್ದೀರಿ, ಸಾಯಿಸ್ಕೊಳ್ಳಿ, ಅದು ನಿಮ್ಮಿಷ್ಟ. ಆದ್ರೆ ನೂರ ಹನ್ನೆರಡನೇ ಪುಟದಲ್ಲಿ ರೇಷ್ಮೆ ತೂತಾಗಿದೆ ಅಂತೀರಲ್ಲ. ಯಾರಾದ್ರೂ ಕೆಲಸ ಬಲ್ಲವರು ಓದಿದ್ರೆ ನಗ್ತಾರೆ."

"ತೂತು ಬೀಳಲ್ವಾ ಮಾಸ್ತ್ರೇ?" ಕಾದಂಬರಿಕಾರ್ತಿ ಪಾಠ ಕೇಳುವವಳಂತೆ ಪೆನ್ನು ತೆಗೆದಳು.

"ಅಷ್ಟು ಶಾಖಕ್ಕೆ ಎಲ್ಲಿಂದ ಬೀಳತ್ತೆ? ಹಳದಿಗೆ ತಿರುಗತ್ತೆ, ಅಷ್ಟೆ. ಪೆಟ್ಟಿಗೆ ಮೂತಿಯ ಅಚ್ಚು ಕೂರತ್ತೆ. ಆ ನಿಲುವಂಗಿ ಬೆನ್ನ ಮೇಲೆ ಹಾಗೇ ಕೂತಿತ್ತು. ಎಡಗಡೆ ತುದಿ ಚೂರು ಮುಕ್ಕಾಗಿ, ಎಲೆ ಹರಿದ ಹಾಗೆ. ನೋಡಿದವನು ಹೇಳ್ತಿದೀನಿ, ಬರ್ಕೊಳ್ಳಿ."

ಅವಳು ಬರೆದುಕೊಂಡಳು. ಅವನು ತಿದ್ದುತ್ತಾನೆಂದು ಗೊತ್ತಿತ್ತು. ಏನು ತಿದ್ದುತ್ತಾನೆಂದು ಗೊತ್ತಿರಲಿಲ್ಲ.

ಮುಂದಿನ ಸಾಲಿನಲ್ಲಿ ಅಮ್ಮ ಮೆಲ್ಲಗೆ ತಿರುಗಿ ಕೂತಳು. "ಮಾಸ್ತ್ರೇ, ನನ್ನ ಪೆಟ್ಟಿಗೆ ಮೂತಿ ಮುಕ್ಕಾಗಿರಲಿಲ್ಲ."

"ನಿಮ್ಮದಲ್ಲ ಬಿಡಿ, ಅದು..." ಎಂದವನು ಅಲ್ಲಿಗೇ ನಿಂತ.

ಅವನ ಬಾಯಲ್ಲಿ ಉಳಿದಿದ್ದನ್ನು ಎರಡನೇ ಮೇಜಿನ ಮುದುಕಿ ಪೂರ್ತಿ ಮಾಡಿದಳು. "ಮುಕ್ಕು ಮೂತಿ ಮೂರನೇ ಮೇಜಿಂದು. ನನ್ನ ಪಕ್ಕದ್ದೇ ಅಲ್ವಾ, ನನಗೆ ಗೊತ್ತಿಲ್ವಾ? ನಿಮ್ದೇ ಅದು ಮಾಸ್ತ್ರೇ. ನೀವೇ ಕೆಳಗೆ ಬೀಳಿಸಿ ಮುಕ್ಕು ಮಾಡಿದ್ದು."

"ನನ್ನ ಕಾಲ ಮೇಲೆ ಬಿದ್ದಿದ್ದು," ಎಂದ ಏಳನೇ ಮೇಜಿನವನು. "ಕ್ಷಮೆ ಕೂಡ ಕೇಳಲಿಲ್ಲ."

"ಹಾಗಾದ್ರೆ ತೂತು ಅಂತ ಯಾಕಂದ್ರಿ ಅವತ್ತು?" ಎಂದಳು ಮುದುಕಿ.

ಅಚ್ಚು ಇದ್ದರೆ ಪೆಟ್ಟಿಗೆ ಯಾವುದೆಂದು ಆ ಎಂಟೂ ಜನಕ್ಕೆ ಗೊತ್ತಾಗುತ್ತಿತ್ತು. ತೂತಿಗೆ ಗುರುತು ಇರುವುದಿಲ್ಲ. ಇದನ್ನು ಅಲ್ಲಿ ಯಾರೂ ಯಾರಿಗೂ ವಿವರಿಸಬೇಕಾಗಿರಲಿಲ್ಲ. ಮಾಸ್ತರ ಪುಸ್ತಕ ಮಡಚಿದ. ಕಾಗದದ ಚೂರುಗಳು ಒಂದೊಂದಾಗಿ ಉದುರಿದವು.

"ತುಂಬ ಉಪಕಾರ ಆಯ್ತು," ಎಂದಳು ಕಾದಂಬರಿಕಾರ್ತಿ. "ಮುಂದಿನ ಮುದ್ರಣದಲ್ಲಿ ನೀವು ಹೇಳಿದ ಹಾಗೇ ತಿದ್ದುತೀನಿ. ಮಾಹಿತಿ ಕೊಟ್ಟವರು ಅಂತ ನಿಮ್ಮ ಹೆಸರನ್ನ ಮೊದಲ ಪುಟದಲ್ಲೇ ಹಾಕಿಸ್ತೀನಿ."

ಅವನು ಬಾಗಿಲ ಕಡೆ ಹೊರಟಾಗ ಅಮ್ಮ ಕೂತಲ್ಲಿಂದಲೇ ಹೇಳಿದಳು. ದನಿ ಏರಿಸಲಿಲ್ಲ. "ಬೆರಕೆ ಬಟ್ಟೆ ಬೇಗ ಸುಕ್ಕಾಗಲ್ಲ ಮಾಸ್ತ್ರೇ. ಅದೂ ನಿಮಗೆ ಗೊತ್ತಿರಬೇಕಿತ್ತು."

ಬಸ್ಸಿನಲ್ಲಿ ಮನೆಗೆ ಮರಳುವಾಗ ಅಮ್ಮ ಪುಸ್ತಕದ ಕೊನೆಯ ಅಧ್ಯಾಯ ತೆಗೆದು, ಕನ್ನಡಕ ಸರಿಮಾಡಿಕೊಂಡು, ಮಾಸ್ತರ ಸಾಯುವ ಪುಟವನ್ನು ಎರಡು ಸಲ ಓದಿದಳು. ಆಮೇಲೆ ಅದನ್ನು ಅಂಗೈಯಿಂದ ಉಜ್ಜಿ ನೇರ ಮಾಡಿದಳು.

"ತಿದ್ದೋದಿದ್ರೆ ಇದನ್ನೂ ತಿದ್ದು ಮಗಳೇ."

"ಏನಮ್ಮ?"

"ಇಷ್ಟು ಬೇಗ ಸಾಯಿಸಬೇಡ. ಇನ್ನೂ ಹತ್ತು ವರ್ಷ ಬದುಕಿರ್ಲಿ. ಇದೇ ಊರಲ್ಲಿ."