ಯಾರಿಗೂ ಬಗ್ಗದ ನಂಬರು

ಮೂರನೇ ಮಹಡಿಯ ಮನೆಗೆ ಹತ್ತಿ ಇಳಿದು ಹೆಂಡತಿಯ ಮಂಡಿ ಸವೆದಿರುವುದು ಮೇಷ್ಟ್ರಿಗೆ ಕಾಣುತ್ತಿರಲಿಲ್ಲ ಎಂದಲ್ಲ. ಎರಡು ಬೀದಿಯಾಚೆ ನೆಲಮಹಡಿಯ ಮನೆಯೊಂದು ಖಾಲಿಯಿತ್ತು. ಸಂಜೆಯೊಳಗೆ ಹೇಳದಿದ್ದರೆ ಬೇರೆಯವರಿಗೆ ಕೊಡುವುದಾಗಿ ಮಾಲೀಕರು ತಿಳಿಸಿದ್ದರು. ಅಡ್ಡ ಬಂದದ್ದು ಟೆಲಿಫೋನು. ಆ ಬೀದಿಗೆ ಹಳೆಯ ನಂಬರು ಬರುವುದಿಲ್ಲವಂತೆ.

ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತರಾದ ಮೇಷ್ಟ್ರಿಗೆ ಆ ನಂಬರೆಂದರೆ ಪ್ರಾಣ. ೭೩೯೩೯೧೩೩. ಅದು ಅವಿಭಾಜ್ಯ ಸಂಖ್ಯೆ. ಒಂದು ಮತ್ತು ತನ್ನನ್ನು ಬಿಟ್ಟರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದು. ಬಲಗಡೆಯಿಂದ ಒಂದೊಂದೇ ಅಂಕಿ ಅಳಿಸುತ್ತ ಬಂದರೂ, ಕೊನೆಗೆ ಏಳು ಮಾತ್ರ ಉಳಿಯುವವರೆಗೆ, ಉಳಿದದ್ದೆಲ್ಲ ಅವಿಭಾಜ್ಯವೇ. ಈ ಗುಣವುಳ್ಳ ಸಂಖ್ಯೆಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ.

“ಬಾಲ ಕತ್ತರಿಸಿದ್ರೂ ಯಾರಿಗೂ ಬಗ್ಗಲ್ಲ ಕಣೇ ಇದು,” ಎಂದರು ಮೇಷ್ಟ್ರು.

ಹೆಂಡತಿ ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. “ಗೊತ್ತು ರೀ. ಮದುವೆಯಾದಾಗಿನಿಂದ ಅಂಥದ್ದೊಂದರ ಜೊತೇಲೇ ಸಂಸಾರ ಮಾಡ್ತಿದ್ದೀನಲ್ಲ. ಹೊಸ ನಂಬರು ಏನಂತೆ, ಅದನ್ನಾದ್ರೂ ಕೇಳಿ.”

ಮೇಷ್ಟ್ರು ಟೆಲಿಫೋನ್ ಕಚೇರಿಗೆ ಫೋನು ಮಾಡಿ, ಪತ್ರಿಕೆಯ ಅಂಚಿನಲ್ಲಿ ಬರೆದುಕೊಂಡರು: ೭೩೫೧೩೪೪೦. ಅವರ ಮುಖ ಹುಳ್ಳಗಾಯಿತು.

“ಕೊನೇಲಿ ಸೊನ್ನೆ. ಯಾರು ತಟ್ಟಿದ್ರೂ ಬಾಗಿಲು ತೆಗೆಯೋ ಜಾತಿ ಇದು.”

“ಮನೆ ಅಂದ್ಮೇಲೆ ಬಾಗಿಲು ತೆಗೀಬೇಡ್ವೇನ್ರೀ? ಯಾರ್ಯಾರಿಗೆ ತೆಗೆಯುತ್ತೋ ನೋಡಿ ಆಮೇಲೆ ಬೈಯಿರಿ.”

ಹುಳುಕು ಹುಡುಕಿಯೇ ತೀರುವ ಹಟದಿಂದ ಅವರು ಏಳರಿಂದ ಭಾಗಿಸಿದರು. ಶೇಷವಿಲ್ಲ. ಹನ್ನೊಂದು, ಹದಿಮೂರು, ಹದಿನೇಳರಿಂದಲೂ ಸಲೀಸಾಗಿ ಭಾಗವಾಯಿತು. ಪೆನ್ಸಿಲಿನ ಓಟ ನಿಧಾನವಾಯಿತು. ಇದನ್ನು ಭಾಗಿಸುವ ಸಂಖ್ಯೆಗಳನ್ನೆಲ್ಲ ಲೆಕ್ಕ ಹಾಕಿದರೆ ಏಳುನೂರ ಅರವತ್ತೆಂಟು. ಎದ್ದು ಹೋಗಿ ಕಪಾಟಿನ ದಪ್ಪ ಪುಸ್ತಕದಲ್ಲಿ ಕೋಷ್ಟಕ ತಡಕಿದರು. ಇದಕ್ಕಿಂತ ಚಿಕ್ಕದಾದ ಯಾವ ಸಂಖ್ಯೆಗೂ ಇಷ್ಟು ಭಾಜಕಗಳಿರಲಿಲ್ಲ.

“ಏನ್ರೀ, ಉಸಿರೇ ಇಲ್ಲ?”

“ಇಂಥ ನಂಬರು ಇಷ್ಟು ದಿನ ಯಾರಿಗೂ ಸಿಗದೆ ಬಿದ್ದಿತ್ತಾ ಅಂತ.”

“ನಿಮ್ಮಂಥೋರು ಇನ್ನೊಬ್ರು ಇಲ್ವಲ್ಲ, ಅದಕ್ಕೇ ಉಳಿದಿದೆ. ಹೊತ್ತು ಮುಳುಗ್ತಿದೆ, ಮಾಲೀಕರಿಗೆ ಹೇಳಿ.”

ಮಾಲೀಕರ ಫೋನು ಎಂಗೇಜ್ ಇತ್ತು. ಮನೆ ಬೇರೆಯವರ ಪಾಲಾಯಿತೇನೋ ಎಂದು ಮೇಷ್ಟ್ರು ಗಾಬರಿಯಾದರು. ಮತ್ತೆ ತಿರುಗಿಸಿದರು, ಮತ್ತೆ ಎಂಗೇಜ್. ಹೆಂಡತಿಯ ಕೈ ಹುರುಳಿಕಾಯಿಯ ಮೇಲೆ ನಿಂತುಹೋಗಿತ್ತು. ಬೆಳಗ್ಗೆಯಿಂದ ತಮಾಷೆ ಮಾಡುತ್ತಿದ್ದವಳು ಈಗ ಮಂಡಿ ನೀವಿಕೊಳ್ಳತೊಡಗಿದಳು. ಅದನ್ನು ಕಂಡು ಮೇಷ್ಟ್ರಿಗೆ ನಾಚಿಕೆಯಾಯಿತು. ಕೊನೆಗೂ ಆ ಕಡೆಯಿಂದ ದನಿ ಬಂತು.

“ಮನೆ ನಮಗೇ ಇರಲಿ ಸಾರ್,” ಎಂದರು ಮೇಷ್ಟ್ರು ಒಂದೇ ಉಸಿರಿಗೆ.

“ಸಂತೋಷ ಮೇಷ್ಟ್ರೇ. ಮನೆ ಹಿಡಿಸ್ತು ತಾನೇ ನಿಮಗೆ?”

ಮೇಷ್ಟ್ರು ಆ ಮನೆಯನ್ನು ನೋಡಿಯೇ ಇರಲಿಲ್ಲ. ರಿಸೀವರಿಗೆ ಅಂಗೈ ಮುಚ್ಚಿ, “ಎಷ್ಟು ರೂಮಿದೆಯೇ ಅಲ್ಲಿ?” ಎಂದು ಪಿಸುಗುಟ್ಟಿದರು.

“ಎರಡು. ಅದೂ ಅವಿಭಾಜ್ಯವೇ ಅಲ್ವೇನ್ರೀ?”

“ಹಿಡಿಸ್ತು, ತುಂಬ ಹಿಡಿಸ್ತು,” ಎಂದರು ಮೇಷ್ಟ್ರು ಫೋನಿಗೆ.